ಎಲೆಯಾತ್ರೆಗೊಂದು ಜಾಮೀನು

ರೈಲು ತಪ್ಪಬಹುದಿತ್ತು. ರೈಲು ತಪ್ಪದೆ ನಾವೇ ತಪ್ಪು ರೈಲು ಹತ್ತಬಹುದಿತ್ತು. ಸರಿಯಾದ ರೈಲನ್ನೇ ಹತ್ತಿದರೂ ಚಿಕ್ಕಮ್ಮ ಯಾವುದೋ ಸ್ಟೇಷನ್ನಿನಲ್ಲಿ "ಸ್ವಲ್ಪ ಕಾಲು ಬಿಡಿಸಿ ಬರ್ತೇನೆ" ಎಂದು ಇಳಿದವಳು ಅಲ್ಲೇ ಉಳಿಯಬಹುದಿತ್ತು. ಒಳಲಂಗದ ಜೇಬಿನಲ್ಲಿ ಪಿನ್ನು ಚುಚ್ಚಿ ಇಟ್ಟುಕೊಂಡಿದ್ದ ದುಡ್ಡನ್ನು ಕಳ್ಳರು ಪಿನ್ನಿನ ಸಮೇತ ಒಯ್ಯಬಹುದಿತ್ತು. ನೀರು ಬದಲಾಗಿ ಹೊಟ್ಟೆ ಕೆಡಬಹುದಿತ್ತು, ಬಿಸಿಲು ತಲೆಗೇರಬಹುದಿತ್ತು, ಕಾಡಿನಲ್ಲಿ ಕರಡಿ ಎದುರಾಗಬಹುದಿತ್ತು. ಕರಡಿ ಎದುರಾದರೆ ಚಿಕ್ಕಮ್ಮ ಓಡುವ ಬದಲು ಹತ್ತಿರ ಹೋಗಿ, "ನಿನ್ನ ಮನೆ ಎಲ್ಲಾಯ್ತು ಮಾರಾಯ?" ಎಂದು ವಿಚಾರಿಸುವ ಅಪಾಯವೂ ಇತ್ತು. ಇದೊಂದೂ ಆಗದೆ ಕ್ಷೇಮವಾಗಿ ಮರಳಿದೆವು ಎಂದೇ ಇಟ್ಟುಕೊಳ್ಳಿ. ಅಷ್ಟರಲ್ಲಿ ಸೊಸೈಟಿಯ ಸಾಲದ ಕಂತು ತಪ್ಪಿ, ಮೂಡುಬಿದಿರೆಯ ನನ್ನ ಮನೆಯ ಬಾಗಿಲಿಗೆ ನೋಟಿಸು ಅಂಟಿ, ಎದುರುಮನೆಯವರು ಕನ್ನಡಕ ತಂದು ಅದನ್ನು ಓದಬಹುದಿತ್ತು!

ಇಷ್ಟನ್ನೂ ನಾನು ಹೊರಡುವ ಮೊದಲೇ ಚಿಂತಿಸಿ ಮುಗಿಸಿದ್ದೆ. ಚಿಂತೆಯ ಬಾಬತ್ತಿನಲ್ಲಿ ನಾನು ಬಾಕಿ ಇಟ್ಟುಕೊಳ್ಳುವವನಲ್ಲ, ಎಲ್ಲವೂ ಮುಂಗಡ ಪಾವತಿ. ಒಮ್ಮೆ ಮನೆಗೆ ಬೀಗ ಹಾಕಿ ಬಸ್‌ಸ್ಟ್ಯಾಂಡಿನ ತನಕ ಹೋಗಿ, ಬೀಗ ಹಾಕಿದೆನೋ ಇಲ್ಲವೋ ಎಂಬ ಸಂಶಯದಿಂದ ಮರಳಿ ಬಂದು, ಬೀಗ ತೆಗೆದು ನೋಡಿ, ಆ ಗಡಿಬಿಡಿಯಲ್ಲಿ ಬಾಗಿಲು ತೆರೆದಿಟ್ಟೇ ಊರಿಗೆ ಹೋದವನು ನಾನು. ಐವತ್ತು ದಾಟಿದ ಮೇಲೆ ಈ ಗುಣ ಕಡಿಮೆಯಾಗುತ್ತದೆ ಎಂದು ಹೇಳಿದವರಿದ್ದಾರೆ. ಅವರಿಗೆ ನನ್ನ ಚಿಕ್ಕಮ್ಮನ ಪರಿಚಯ ಇರಲಿಲ್ಲ.

ಪುಣ್ಯ ಸಂಪಾದನೆಗೆ ದೂರದೂರಿಗೆ ಹೋದವರಿದ್ದಾರೆ. ಹಿಮ ನೋಡಲು, ಸಮುದ್ರ ನೋಡಲು, ಮೊಮ್ಮಗುವಿನ ಮುಖ ನೋಡಲು ಹೋದವರಿದ್ದಾರೆ. ತಲೆಯ ಮೇಲೆ ಸಾಲ ಇಟ್ಟುಕೊಂಡು, ಕೂಡಿಟ್ಟ ಕಾಸನ್ನು ಖರ್ಚುಮಾಡಿ, ಒಂದು ಎಲೆ ನೋಡಲು ಹೋದವಳು ನನ್ನ ಚಿಕ್ಕಮ್ಮ ಒಬ್ಬಳೇ ಇರಬೇಕು. ಬೇರೆ ಯಾರಾದರೂ ಇದ್ದರೆ ಅವರ ಜಾಮೀನುದಾರರು ದಯವಿಟ್ಟು ನನ್ನನ್ನು ಕಾಣಿ. ಸೇರಿ ಒಂದು ಸಂಘ ಕಟ್ಟುವ.

ಚಿಕ್ಕಮ್ಮ ಅಂದರೆ ನನ್ನ ತಾಯಿಯ ತಂಗಿ. ಸಿದ್ಧಕಟ್ಟೆಯಲ್ಲಿ ಮನೆ. ಬೀಡಿ ಕಟ್ಟುತ್ತಾಳೆ. ನಮ್ಮ ಕಡೆಯವರಿಗೆ ಇಷ್ಟು ಹೇಳಿದರೆ ಸಾಕು. ಉಳಿದವರಿಗೆ ಎರಡು ಮಾತು: ಬೀಡಿ ಕಂಪೆನಿಯ ಬ್ರಾಂಚು ಎಂಬಲ್ಲಿಗೆ ಹೋಗಿ ಒಣಗಿದ ಎಲೆ ಮತ್ತು ಹೊಗೆಸೊಪ್ಪಿನ ಹುಡಿ ತರುವುದು, ಎಲೆಯನ್ನು ನೆನೆಸಿ ಮೆತ್ತಗೆ ಮಾಡಿ ಅಚ್ಚಿಟ್ಟು ಕತ್ತರಿಸುವುದು, ತಡ್ಪೆಯನ್ನು, ಅಂದರೆ ಮೊರವನ್ನು, ಮಡಿಲಲ್ಲಿ ಇಟ್ಟುಕೊಂಡು ಒಂದೊಂದೇ ಸುರುಳಿ ಸುತ್ತಿ ನೂಲು ಬಿಗಿಯುವುದು, ಕಟ್ಟುಕಟ್ಟಿ ಬ್ರಾಂಚಿಗೆ ಒಯ್ದು ಕೊಡುವುದು. ಹೀಗೆ ಸುಮಾರು ನಲವತ್ತು ವರ್ಷ.

ಈ ನಲವತ್ತು ವರ್ಷದಲ್ಲಿ ಅವಳಿಗೊಂದು ಚಟ ಅಂಟಿದೆ. ಸೇದುವ ಚಟವಲ್ಲ, ಜನ್ಮದಲ್ಲಿ ಒಂದು ದಮ್ಮು ಎಳೆದವಳಲ್ಲ. ಇದು ಸುತ್ತುವ ಚಟ! ಕೈಗೆ ಬಂದ ಯಾವ ಕಾಗದವೂ ಕಾಗದವಾಗಿ ಉಳಿಯುವುದಿಲ್ಲ. ಬಸ್ಸಿನ ಟಿಕೆಟು ಮುಂದಿನ ಸ್ಟಾಪು ಬರುವಷ್ಟರಲ್ಲಿ ಬೀಡಿಯಾಗಿರುತ್ತದೆ, ತುದಿ ಮಡಚಿ, ಬುಡ ಬಿಗಿದು. ಚೆಕ್ಕಿಂಗಿನವರು ಬಂದರೆ ಕಂಡಕ್ಟರನೇ ಅಡ್ಡ ಬಂದು, "ಅವರದ್ದು ಬಿಡಿಸ್ಲಿಕ್ಕೆ ಹೋಗ್ಬೇಡಿ ಸಾರ್, ಬಸ್ಸು ಲೇಟಾಗ್ತದೆ" ಎನ್ನುತ್ತಾನೆ. ನನ್ನ ಮದುವೆಯ ಕರೆಯೋಲೆಯನ್ನು ಕೊಡಲು ಹೋಗಿದ್ದೆ. ಕೊಟ್ಟು, ಚಾ ಕುಡಿದು, ಎದ್ದು ನಿಂತು ನೋಡುತ್ತೇನೆ, ನಾನೂ ನನ್ನ ಭಾವೀ ಪತ್ನಿಯೂ ಒಟ್ಟಿಗೇ ಸುರುಳಿ ಸುತ್ತಿಕೊಂಡು ತಡ್ಪೆಯಲ್ಲಿ ಮಲಗಿದ್ದೇವೆ. "ಎಂತ ಮಾಡುವುದು ಮಗಾ, ಕಾಗದ ದಪ್ಪ ಇತ್ತು, ಚಂದ ಬಂತು" ಎಂದಳು. ಆಶೀರ್ವಾದ ಎಂದು ಸ್ವೀಕರಿಸಿದೆ.

ಇದಕ್ಕಿಂತ ದೊಡ್ಡದು ಇನ್ನೊಂದು. ತಾನು ಬಳಸುವ ವಸ್ತು ಎಲ್ಲಿಂದ ಬರುತ್ತದೆ ಎಂದು ಹೋಗಿ ನೋಡದಿದ್ದರೆ ಚಿಕ್ಕಮ್ಮನಿಗೆ ನಿದ್ರೆ ಇಲ್ಲ. ಮನೆಗೆ ಕರೆಂಟು ಬಂದ ಹೊಸತರಲ್ಲಿ, ತಂತಿಯ ಜಾಡು ಹಿಡಿದು ನಡೆಯುತ್ತ ನಡೆಯುತ್ತ ಸಬ್‌ಸ್ಟೇಷನ್ನಿನ ಗೇಟಿಗೆ ಹೋಗಿ ನಿಂತಳು. ಕಾವಲುಗಾರ ಓಡಿ ಬಂದ.

"ಅಮ್ಮಾ, ಅಪಾಯ ಉಂಟು. ಬೋರ್ಡು ನೋಡ್ಲಿಲ್ಲವಾ?"

"ನೋಡಿದೆ. ತಲೆಬುರುಡೆ ಚಂದ ಬಿಡಿಸಿದ್ದಾರೆ. ಆದ್ರೆ ತಿಂಗಳು ತಿಂಗಳು ಬಿಲ್ಲು ಕಟ್ಟುವುದು ನಾನಲ್ಲವಾ? ಸಾಮಾನು ತೆಗೊಂಡ ಅಂಗಡಿ ನೋಡ್ಲಿಕ್ಕೆ ಬಿಡದಿದ್ರೆ ಹೇಗೆ?"

ಪಾಪ, ಅವನು ಬೇಲಿಯ ಹೊರಗೆ ಒಂದು ಕುರ್ಚಿ ಹಾಕಿಕೊಟ್ಟನಂತೆ. ಚಿಕ್ಕಮ್ಮ ಕುಳಿತು, ಗುಂಯ್‌ಗುಡುವ ಕಬ್ಬಿಣದ ಪೆಟ್ಟಿಗೆಗಳನ್ನು ಕಣ್ತುಂಬ ನೋಡಿ, "ಇಷ್ಟೇಯಾ?" ಎಂದು ಎದ್ದು ಬಂದಳು.

ಬೀಡಿಯವರಿಗೆ ವರ್ಷಕ್ಕೊಮ್ಮೆ ಬೋನಸ್ಸು ಬರುತ್ತದೆ. ಎಲ್ಲರಿಗೂ ಅದು ಕುಬುಸವೋ ಪಾತ್ರೆಯೋ ಆಗುತ್ತದೆ. ಚಿಕ್ಕಮ್ಮನ ಶಾಸ್ತ್ರವೇ ಬೇರೆ: "ಸಂಬಳ ಹೊಟ್ಟೆಗೆ, ಬೋನಸ್ಸು ಕಣ್ಣಿಗೆ." ಒಂದು ವರ್ಷ ಬೋನಸ್ಸು ಹಿಡಿದುಕೊಂಡು ಉಪ್ಪು ಎಲ್ಲಿ ಆಗುತ್ತದೆ ಎಂದು ನೋಡಲು ಗೋಕರ್ಣದ ಕಡೆಗೆ ಹೋದಳು. ಉಪ್ಪಿನ ಗದ್ದೆ ನೋಡಿದಳು, ಒಂದು ಹರಳು ಬಾಯಿಗೆ ಹಾಕಿ "ಇಷ್ಟೇಯಾ?" ಎಂದಳು, ಮುಂದಿನ ಬಸ್ಸಿಗೆ ವಾಪಸು! ಊರಿನವರು ಹೌಹಾರಿದರು. ಅಷ್ಟು ದೂರ ಹೋಗಿ ದೇವಸ್ಥಾನಕ್ಕೆ ಹೋಗದೆ ಬರುವುದೇ? "ದೇವರು ಎಲ್ಲ ಕಡೆ ಇದ್ದಾರೆ ಅಂತ ಹೇಳುವುದು ನೀವೇ ಅಲ್ಲವಾ? ಉಪ್ಪು ಹಾಗಲ್ಲವಲ್ಲ!" ಎಂದಳು.

ಇಂಥವಳಿಗೆ ನಾನು ಜಾಮೀನು ನಿಂತದ್ದು ಹೇಗೆ ಎಂದು ಕೇಳುತ್ತೀರಾ? ನನ್ನ ಹೆಂಡತಿಯೂ ಕೇಳುತ್ತಾಳೆ. ಚಿಕ್ಕಮ್ಮನ ಮಗಳು ಪುಷ್ಪ ಬೆಳ್ತಂಗಡಿಯಲ್ಲಿ ಹೆಂಗಸರ ಹೊಲಿಗೆ ಅಂಗಡಿ ಹಾಕಿದಾಗ ಮಿಷನ್ನು, ಅಡ್ವಾನ್ಸು, ಕಪಾಟು ಎಂದು ಚಿಕ್ಕಮ್ಮ ಸೊಸೈಟಿಯಲ್ಲಿ ಸಾಲ ಎತ್ತಿದಳು. ಒಂದು ಬೆಳಿಗ್ಗೆ ಒಂದು ಕೈಯಲ್ಲಿ ಬಂಗುಡೆ, ಇನ್ನೊಂದು ಕೈಯಲ್ಲಿ ಫಾರಮ್ಮು ಹಿಡಿದು ನಮ್ಮಲ್ಲಿಗೆ ಬಂದಳು. "ಮೀನು ಫ್ರೆಶ್ ಉಂಟು. ಇದಕ್ಕೊಂದು ಸೈನು ಹಾಕು ಮಗಾ." ಫಾರಮ್ಮು ಆಗಲೇ ಅರ್ಧ ಸುರುಳಿ ಸುತ್ತಿತ್ತು, ಬಿಡಿಸಿ ಓದಿದೆ. ಹಿಂದಿನ ಸಣ್ಣಕ್ಷರವನ್ನೂ ಓದಿದೆ. ಸಮಾಧಾನವಾಗದೆ ಸೊಸೈಟಿಯ ಕಾರ್ಯದರ್ಶಿಯ ಎದುರು ಹೋಗಿ ಕುಳಿತೆ.

"ಸಾಲಗಾರರು ಕಟ್ಟದಿದ್ದರೆ?"

"ಜಾಮೀನುದಾರರು."

"ಸಾಲಗಾರರು ಊರು ಬಿಟ್ಟು ಹೋದರೆ?"

"ಜಾಮೀನುದಾರರು."

"ಸಾಲಗಾರರು ತೀರಿಹೋದರೆ?"

"ಜಾಮೀನುದಾರರು."

"ಜಾಮೀನುದಾರರೇ ತೀರಿಹೋದರೆ?"

ಅವರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. "ಮತ್ತೆ ನಿಮ್ಗೆ ಎಂತ ಹೆದರಿಕೆ?"

ರುಜು ಹಾಕಿದೆ. ಬಂಗುಡೆ ಒಳ್ಳೆಯದಿತ್ತು. ನನಗೆ ಮಾತ್ರ ಮುಳ್ಳು ಗಂಟಲಲ್ಲೇ ಉಳಿಯಿತು. ಅಂದಿನಿಂದ ಚಿಕ್ಕಮ್ಮ ಸೀನಿದರೆ ಮೂಡುಬಿದಿರೆಯಲ್ಲಿ ನಾನು ಮಾತ್ರೆ ಕೊಳ್ಳುತ್ತೇನೆ.

ಹೀಗೆ ದಿನ ಹೋಗುತ್ತಿರುವಾಗ ಈ ಬೇಸಿಗೆಯ ಸುರುವಿಗೆ ಚಿಕ್ಕಮ್ಮ ಮತ್ತೆ ಪ್ರತ್ಯಕ್ಷಳಾದಳು. ಮೀನು ಇರಲಿಲ್ಲ. ಕೈಯಲ್ಲಿ ಒಂದು ಹರಿದ ಗೋಣಿಯ ತುಂಡು. ಎಲೆ ತುಂಬಿಸಿ ಬರುವ ಚೀಲದಿಂದ ಕತ್ತರಿಸಿದ್ದು. ಅದರ ಮೇಲೆ ಕಪ್ಪು ಮಸಿಯಲ್ಲಿ ಹಿಂದಿ ಅಕ್ಷರ.

"ನೀನು ಹಿಂದಿ ಪರೀಕ್ಷೆ ಎಲ್ಲ ಪಾಸಾಗಿದ್ದೀಯಲ್ಲ ಮಗಾ. ಇದೆಂತ ಊರು?"

ಓದಿದೆ. ಮಧ್ಯಪ್ರದೇಶದ ಯಾವುದೋ ಕಾಡಂಚಿನ ಊರಿನ ಹೆಸರು.

"ಹಾಂ, ಅಲ್ಲಿಗೆ ಹೋಗುವ ಅಂತ ಉಂಟು. ಬಂಟ್ವಾಳ ಸ್ಟೇಷನ್ನಿನಲ್ಲಿ ಈ ಗೋಣಿ ತೋರಿಸಿ ಟಿಕೆಟ್ ಕೇಳಿದೆ. ಆ ಜನ ಗೋಣಿಗೆ ಟಿಕೆಟ್ ಕೊಡುವುದಿಲ್ಲ, ಊರಿನ ಹೆಸರು ಬೇಕು ಅಂದ್ರು."

ವಿಷಯ ಇಷ್ಟು. ಕೆಲವು ವರ್ಷಗಳಿಂದ ಬೋನಸ್ಸನ್ನು ಎಲ್ಲಿಗೂ ಹೋಗದೆ ಪೋಸ್ಟಾಫೀಸಿನಲ್ಲಿ ಕೂಡಿಹಾಕಿದ್ದಳು. ಅದೀಗ ಕೈಗೆ ಬಂದಿತ್ತು. ನಾವೆಲ್ಲ ಅವಳು ಸಾಲ ತೀರಿಸಲು ಕೂಡಿಡುತ್ತಿದ್ದಾಳೆ ಎಂದು ಹೆಮ್ಮೆಪಟ್ಟಿದ್ದೆವು. ಅವಳು ಕೂಡಿಟ್ಟದ್ದು ಬೀಡಿಯ ಎಲೆ ಯಾವ ಮರದಲ್ಲಿ ಬಿಡುತ್ತದೆ ಎಂದು ನೋಡಿ ಬರಲು!

"ಚಿಕ್ಕಮ್ಮಾ, ಸಾಲ ಉಂಟಲ್ಲ?"

"ಉಂಟು."

"ಈ ದುಡ್ಡು ಹಾಕಿದ್ರೆ ಅರ್ಧಕ್ಕರ್ಧ ಮುಗೀತದೆ."

"ಮುಗೀತದೆ. ಮತ್ತೆ ಅರ್ಧ ಉಳೀತದೆ." ನನ್ನ ಮೇಜಿನ ಮೇಲಿದ್ದ ನೀರಿನ ಬಿಲ್ಲು ಅವಳ ಬೆರಳಿನಲ್ಲಿ ಸುತ್ತಿಕೊಳ್ಳತೊಡಗಿತ್ತು. "ಸಾಲ ಎಲ್ಲಿಗೂ ಓಡಿಹೋಗುವುದಿಲ್ಲ ಮಗಾ. ಹೋಗಿ ಬರುವಾಗಲೂ ಜಗಲಿಯಲ್ಲೇ ಮಲಗಿರ್ತದೆ, ನಾಯಿಯ ಹಾಗೆ. ಎಲೆ ಹಾಗಲ್ಲ. ಅದನ್ನು ಕೊಯ್ಯುವುದು ಬೇಸಿಗೆಯಲ್ಲಿ ಮಾತ್ರ."

"ಹಾಗಾದ್ರೆ ಬರುವ ಬೇಸಿಗೆಗೆ ಹೋಗುವ."

ಚಿಕ್ಕಮ್ಮ ಬಿಲ್ಲಿನ ತುದಿ ಮಡಚಿದಳು. "ಬ್ರಾಂಚಿನಲ್ಲಿ ಈಗ ವಾರ ಇಡೀ ಎಲೆ ಕೊಡುವುದಿಲ್ಲ. ಬೆಳಿಗ್ಗೆ ಎದ್ರೆ ಬೆರಳು ಬಿಸಿನೀರು ಕೇಳ್ತದೆ. ಬರುವ ಬೇಸಿಗೆಗೆ ಎಲೆ ಇದ್ರೆ ಬೆರಳು ಇರ್ಲಿಕ್ಕಿಲ್ಲ, ಬೆರಳು ಇದ್ರೆ ಎಲೆ ಇರ್ಲಿಕ್ಕಿಲ್ಲ. ಅನ್ನ ಕೊಟ್ಟ ಮರ. ಒಮ್ಮೆ ನೋಡದೆ ಬಿಟ್ರೆ ಹೇಗೆ?"

ಬೇರೆ ಯಾರಾದರೂ ಆಗಿದ್ದರೆ ಈ ಮಾತಿಗೆ ಕಣ್ಣು ತೇವವಾಗುತ್ತಿತ್ತು. ನನಗೆ ಬೆವರಿತು! ಬೆರಳು ನಿಂತರೆ ಬೀಡಿ ನಿಂತಿತು, ಬೀಡಿ ನಿಂತರೆ ಕಂತು ನಿಂತಿತು, ಕಂತು ನಿಂತರೆ? "ಜಾಮೀನುದಾರರು" ಎಂಬ ಕಾರ್ಯದರ್ಶಿಯ ಸ್ವರ ಕಿವಿಯಲ್ಲಿ ಮೊಳಗಿತು.

"ಮತ್ತೊಂದು ಕೆಲಸವೂ ಉಂಟು ಅಲ್ಲಿ" ಎಂದಳು ಚಿಕ್ಕಮ್ಮ, ಸ್ವರ ಬದಲಿಸಿ. "ಎಲೆಯ ಕಟ್ಟಿನ ಮೇಲೆ ಕೆಳಗೆ ಚಂದದ್ದು ಇಟ್ಟು ನಡುವೆ ತೂತಿನ ಎಲೆ ತುಂಬಿಸಿ ಕಳಿಸ್ತಾಳಲ್ಲ, ಅವಳನ್ನು ಒಮ್ಮೆ ಕಾಣ್ಬೇಕು. ಬ್ರಾಂಚಿನವರಿಗೆ ಎಲೆಯ ತೂಕಕ್ಕೆ ಸರಿಯಾಗಿ ಬೀಡಿ ಬೇಕು. ತೂತಿನ ಎಲೆಯಲ್ಲಿ ಬೀಡಿ ಬರ್ತದಾ? ಕಡಿಮೆ ಬಿದ್ದದ್ದಕ್ಕೆ ಎಲೆ ತರುವುದು ನನ್ನ ಕೈಯಿಂದ ದುಡ್ಡು ಹಾಕಿ. ನಲವತ್ತು ವರ್ಷದ ಬೈಗುಳ ಬಾಕಿ ಉಂಟು ಅವಳಿಗೆ. ಅದೂ ಒಂದು ಸಾಲವೇ ಅಲ್ಲವಾ? ತೀರಿಸ್ಬೇಕಲ್ಲ!"

ನಾನು ಮೇಲ್ಮನವಿ ಸಲ್ಲಿಸಲು ಬೆಳ್ತಂಗಡಿಗೆ ಓಡಿದೆ. ಪುಷ್ಪ ಬಾಯಲ್ಲಿ ಪಿನ್ನು ಕಚ್ಚಿಕೊಂಡು ಒಬ್ಬ ದಪ್ಪ ಹೆಂಗಸಿಗೆ ರವಕೆಯ ಅಳತೆ ತೆಗೆಯುತ್ತಿದ್ದಳು. ವಿಷಯ ಕೇಳಿ ಪಿನ್ನು ಉಗುಳಿದಳು.

"ಎಲೆ ನೋಡ್ಲಿಕ್ಕೆ ರೈಲಿನಲ್ಲಿ ಹೋಗುವುದಾ? ಹಿತ್ತಿಲಲ್ಲಿ ಎಲೆ ಇಲ್ಲವಾ ಅಮ್ಮನಿಗೆ? ನಾನು ಇಲ್ಲಿ ಹುಕ್ಕು ಲೆಕ್ಕ ಮಾಡಿ ಹೊಲೀತಾ ಇದ್ದೇನೆ ಸಾಲಕ್ಕಾಗಿ!"

ಅಳತೆ ಕೊಡುತ್ತಿದ್ದ ಹೆಂಗಸು ಕೈ ಎತ್ತಿಕೊಂಡೇ ವಾದಕ್ಕೆ ಇಳಿದರು. "ಕಾಶಿಗೆ ಅಂದ್ರೆ ಒಂದು ಮಾತು. ಸಾಲ ಮಾಡಿಯಾದ್ರೂ ಹೋಗ್ತಾರೆ, ಯಾರೂ ಏನೂ ಹೇಳುವುದಿಲ್ಲ. ಎಲೆಗೆ ಅಂದ್ರೆ ಜನ ನಗಾಡ್ತಾರೆ. ಕಾಶಿಗೆ ಹೋಗ್ತೇನೆ ಅಂತ ಹೇಳಿ ಎಲ್ಲಿಗೆ ಬೇಕಾದ್ರೂ ಹೋಗ್ಲಿ."

ನನಗೆ ಈ ಸಲಹೆ ಹಿಡಿಸಿತು. ಕನಿಷ್ಠ ಎದುರುಮನೆಯವರಿಗೆ ಹೇಳಲು ಒಂದು ಉತ್ತರವಾದರೂ ಸಿಕ್ಕಿತಲ್ಲ! ಸಿದ್ಧಕಟ್ಟೆಗೆ ಹೋಗಿ ಚಿಕ್ಕಮ್ಮನಿಗೆ ಹೇಳಿದೆ. ಅವಳು ಜಗಲಿಯಲ್ಲಿ ನೆರೆಮನೆಯ ಐಸಮ್ಮನ ಜೊತೆ ಕುಳಿತು ಬೀಡಿ ಕಟ್ಟುತ್ತಿದ್ದಳು. ಇಬ್ಬರದೂ ಒಂದೇ ಜಗಲಿಯ ನಲವತ್ತು ವರ್ಷದ ಸ್ನೇಹ.

"ಹೋಗದ ಕಾಶಿಯ ಪುಣ್ಯ ಯಾರ ಖಾತೆಗೆ ಮಗಾ?" ಎಂದಳು ಚಿಕ್ಕಮ್ಮ. "ಸಾಲ ಉಂಟು ಅಂತ ಎಲ್ರಿಗೂ ಗೊತ್ತುಂಟು. ಅದರ ಮೇಲೆ ಸುಳ್ಳು ಬೇರೆ ಯಾಕೆ?"

ಐಸಮ್ಮ ನೂಲು ಕಚ್ಚಿ ತುಂಡರಿಸಿ, "ನಿನ್ನ ಚಿಕ್ಕಮ್ಮನನ್ನು ತಡೀಲಿಕ್ಕೆ ಆಗ್ತದಾ? ನಾನು ಹೊರಟ್ರೆ ದುಬೈಯಿಂದ ನನ್ನ ಮಗ ವೀಡಿಯೋದಲ್ಲೇ ಕೈಹಿಡಿದು ಕೂರಿಸ್ತಾನೆ" ಎಂದು ನಕ್ಕಳು.

ಕೊನೆಯ ಆಸರೆ ಸೊಸೈಟಿ. ಕಾರ್ಯದರ್ಶಿಯ ಎದುರು ಮತ್ತೆ ಕುಳಿತೆ. ಸಾಲ ಇರುವವರು ದೂರ ಹೋಗಬಾರದು ಎಂದು ಎಲ್ಲಾದರೂ ಒಂದು ಕಾನೂನು ಸಿಕ್ಕಿದರೆ ಸಾಕಿತ್ತು. ಅವರು ಕಂಪ್ಯೂಟರ್ ನೋಡಿದರು. "ಒಂದೇ ಒಂದು ಕಂತು ತಪ್ಪಿಸಿಲ್ಲ ಅವರು. ಚಂದ್ರಲೋಕಕ್ಕೆ ಹೋದ್ರೂ ನಮ್ಗೆ ತೊಂದರೆ ಇಲ್ಲ." ಸ್ವಲ್ಪ ಯೋಚಿಸಿ ಸೇರಿಸಿದರು: "ತೊಂದರೆ ಇದ್ರೆ ನಿಮ್ಗೆ."

ಅಷ್ಟರಲ್ಲಿ ಚಿಕ್ಕಮ್ಮನೇ ಅಲ್ಲಿಗೆ ಬಂದಳು, ಆ ತಿಂಗಳ ಕಂತು ಕಟ್ಟಲು. ಕಟ್ಟಿದಳು, ರಶೀದಿಯನ್ನು ಸುತ್ತಿದಳು. ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತು ನನ್ನ ಮುಖ ನೋಡಿದಳು. ಆಗ ಆಡಿದಳು ನೋಡಿ, ಇಷ್ಟೂ ದಿನದ ಚಿಂತೆಗಿಂತ ಹೆಚ್ಚು ನನ್ನ ನಿದ್ರೆ ಕೆಡಿಸಿದ ಮಾತು:

"ಮಗಾ, ಜಾಮೀನು ನೀನು. ನೀನು ಬೇಡ ಅಂದ್ರೆ ನಾನು ಹೋಗುವುದಿಲ್ಲ. ದುಡ್ಡು ಇಲ್ಲೇ ಕಟ್ಟಿ ಬಿಡ್ತೇನೆ. ಹೇಳು."

ಅಯ್ಯೋ! ನನಗೆ ಬೇಕಾದದ್ದು ಇದೇ ಅಲ್ಲವೇ? "ಬೇಡ" ಎಂಬ ಎರಡಕ್ಷರ. ಬಾಯಿ ತೆರೆದೆ. ಅವಳು ದುಡ್ಡಿನ ಪೊಟ್ಟಣವನ್ನೂ ತಂದಿದ್ದಳು, ಬಟ್ಟೆಯಲ್ಲಿ ಸುತ್ತಿ, ಬೀಡಿಯ ನೂಲಿನಲ್ಲಿ ಕಟ್ಟಿ. ಅದನ್ನು ಎರಡೂ ಕೈಯಲ್ಲಿ ಹಿಡಿದು, ಪರೀಕ್ಷೆಯ ಫಲಿತಾಂಶ ಕೇಳಲು ನಿಂತ ಹುಡುಗಿಯ ಹಾಗೆ ನಿಂತಿದ್ದಳು. ಇಷ್ಟು ವರ್ಷದಲ್ಲಿ ಅವಳು ಯಾರ ಒಪ್ಪಿಗೆಯನ್ನಾದರೂ ಕೇಳಿದ್ದನ್ನು ನಾನು ನೋಡಿರಲಿಲ್ಲ. ಸಬ್‌ಸ್ಟೇಷನ್ನಿನ ಕಾವಲುಗಾರನನ್ನೂ ಕೇಳಿದವಳಲ್ಲ. ಹೋಗು ಎನ್ನಲು ಧೈರ್ಯ ಸಾಲಲಿಲ್ಲ, ಬೇಡ ಎನ್ನಲು ಅದಕ್ಕಿಂತ ಹೆಚ್ಚಿನ ಧೈರ್ಯ ಬೇಕೆಂದು ಆಗ ತಿಳಿಯಿತು. ನಡುವೆ ಸಿಕ್ಕಿಬಿದ್ದ ನನ್ನ ಬಾಯಿಂದ ಹೊರಬಿದ್ದದ್ದು ಮೂರನೆಯದೇ ಒಂದು:

"ನಾನೂ ಬರ್ತೇನೆ."

ಅಡವಿಟ್ಟ ಚಿನ್ನದ ಜೊತೆ ಕಾವಲಿಗೆ ಹೋದ ಹಾಗೆ! ಹೊಸ ಸ್ಕೂಟರಿಗೆಂದು ನಾನು ತೆಗೆದಿಟ್ಟಿದ್ದ ಹಣ ಹೀಗೆ ರೈಲು ಹತ್ತಿತು. ಸಾಲ ಅವಳದು, ಆಸೆ ಅವಳದು, ಖಾಲಿಯಾದದ್ದು ನನ್ನ ಉಳಿತಾಯ. ಮನೆಯಲ್ಲಿ ಹೇಳಿದಾಗ ಹೆಂಡತಿ ಆಕ್ಷೇಪಿಸುತ್ತಾಳೆ, ಆಗ ಗೌರವದಿಂದ ಹಿಂದೆ ಸರಿಯಬಹುದು ಎಂದು ಒಂದು ಸಣ್ಣ ಆಸೆ ಇತ್ತು. ಅವಳು, "ಹೋಗಿ ಬನ್ನಿ. ಇಲ್ಲಿ ಕೂತು ಹೆದರುವ ಬದಲು ಅಲ್ಲಿ ಹೋಗಿ ಹೆದರಿ. ನಮ್ಗೂ ಸ್ವಲ್ಪ ಗಾಳಿ ಬದಲಾವಣೆ ಆಗ್ಲಿ" ಎಂದಳು.

ಪ್ರಯಾಣದ ಬಗ್ಗೆ ಹೆಚ್ಚು ಹೇಳುವಂತಿಲ್ಲ, ಏಕೆಂದರೆ ಏನೂ ಆಗಲಿಲ್ಲ. ಚಿಂತಿಸುವವನಿಗೆ ಇದಕ್ಕಿಂತ ಅವಮಾನ ಇಲ್ಲ. ರೈಲುಗಳು ಬಂದವು, ಹೋದವು. ಚಿಕ್ಕಮ್ಮ ಅವಲಕ್ಕಿ ತಿಂದಳು, ನಿದ್ದೆ ಮಾಡಿದಳು, ಎಚ್ಚರವಾದಾಗ ಬೈಗುಳ ಅಭ್ಯಾಸ ಮಾಡಿದಳು. ತುಳುವಿನ ಒಳ್ಳೊಳ್ಳೆಯ ಬೈಗುಳಗಳನ್ನು ಒಂದರ ಹಿಂದೆ ಒಂದು ಪೋಣಿಸಿ, "ಇದಕ್ಕೆ ಹಿಂದಿಯಲ್ಲಿ ಎಂತ ಹೇಳ್ತಾರೆ?" ಎಂದು ನನ್ನನ್ನು ಕೇಳುತ್ತಿದ್ದಳು. ನಾನು ಪಾಸಾದ ಪರೀಕ್ಷೆಗಳಲ್ಲಿ ಆ ಪಾಠ ಇರಲಿಲ್ಲ. ಟಿಕೆಟ್ ನೋಡಲು ಬಂದವರಿಗೆ ಅವಳು ನಮ್ಮಿಬ್ಬರ ಟಿಕೆಟಿನ ಬೀಡಿಯನ್ನು ನೀಡಿದಾಗ ಅವರು ಗಾಡಿಯಲ್ಲಿ ಧೂಮಪಾನ ನಿಷೇಧ ಎಂದು ಗದರಿಸಿದ್ದೊಂದೇ ಘಟನೆ. ಬಿಡಿಸಿ ತೋರಿಸಿದೆ. ಅವರು ಬಹಳ ಹೊತ್ತು ಟಿಕೆಟನ್ನಲ್ಲ, ಅದರ ಮಡಿಕೆಯನ್ನು ನೋಡಿದರು.

ಕೊನೆಗೆ ಬಾಡಿಗೆಯ ಜೀಪಿನವನಿಗೆ ಗೋಣಿಯ ತುಂಡು ತೋರಿಸಿ, ಬಿಸಿಲಿನಲ್ಲಿ ಕುಲುಕುತ್ತ, ಕಾಡಿನ ಅಂಚಿಗೆ ತಲಪಿದೆವು. ಚಿಕ್ಕಮ್ಮ ಸೆರಗು ಸರಿಮಾಡಿಕೊಂಡು ಇಳಿದು ತಲೆ ಎತ್ತಿ ನೋಡಿದಳು. ನಲವತ್ತು ವರ್ಷ ಅನ್ನ ಕೊಟ್ಟ ಮರ ಎಷ್ಟು ದೊಡ್ಡದಿರಬೇಡ! "ಯಾವುದು? ಅದಾ? ಆ ದೊಡ್ಡದಾ?" ಜೀಪಿನವನು ಕೆಳಗೆ ಬೆರಳು ತೋರಿಸಿದ. ಅವಳ ಕಾಲಿನ ಬುಡದಲ್ಲಿ ಮೊಣಕಾಲೆತ್ತರದ ಒಂದು ಪೊದೆ. ಎಳೆಯ ಎಲೆಗಾಗಿ ಅದನ್ನು ಕಡಿದು ಕಡಿದು ಹಾಗೆಯೇ ಚಿಗುರಲು ಬಿಡುತ್ತಾರಂತೆ.

"ಇಷ್ಟೇಯಾ?" ಎಂದಳು ಚಿಕ್ಕಮ್ಮ.

ಎರಡು ಮನೆಯ ಉಳಿತಾಯ ಮೊಣಕಾಲೆತ್ತರದ ಪೊದೆಗೆ!

ಅಷ್ಟರಲ್ಲಿ ಅವಳ ಕಣ್ಣು ಬೇರೆ ಕಡೆಗೆ ಹೋಯಿತು. ಆಚೆ ಒಂದು ಬಯಲಿನಲ್ಲಿ ಹೆಂಗಸರು ಸಾಲಾಗಿ ಕುಳಿತು, ಕೊಯ್ದು ತಂದ ಎಲೆಗಳನ್ನು ಕಟ್ಟುತ್ತಿದ್ದರು. ಚಿಕ್ಕಮ್ಮನದೇ ವಯಸ್ಸಿನ ಒಬ್ಬಳು ಕೆಲವು ಒಳ್ಳೆಯ ಎಲೆ ಇಟ್ಟಳು, ಆಚೀಚೆ ನೋಡಿದಳು, ಒಂದು ತೂತಿನ ಎಲೆಯನ್ನು ನಡುವೆ ಸೇರಿಸಿದಳು. ಸಿಕ್ಕಿಬಿದ್ದಳು ಕಳ್ಳಿ! ಚಿಕ್ಕಮ್ಮ ಬಾಣದ ಹಾಗೆ ಹೋಗಿ ಅವಳೆದುರು ಕುಕ್ಕರಿಸಿದಳು. ತೂತಿನ ಎಲೆಯನ್ನು ಹೊರಗೆಳೆದು, ಸೂರ್ಯನಿಗೆ ಹಿಡಿದು, "ಉಂದೆನ್ ತೂಲೆ!" ಎಂದಳು, ಇದನ್ನು ನೋಡಿ ಎಂದು. ನಾನು ಜೀಪಿಗೂ ನಮಗೂ ಇರುವ ದೂರವನ್ನು ಅಳೆದೆ.

ಆ ಹೆಂಗಸು ಮೊದಲು ಬೆಚ್ಚಿದಳು. ಆಮೇಲೆ ಬಾಯಿ ತುಂಬ ನಕ್ಕಳು. ಹಿಂದಿಯಲ್ಲಿ ಏನೇನೋ ಹೇಳುತ್ತ ತನ್ನ ಸೊಂಟ ಮುಟ್ಟಿ ತೋರಿಸಿದಳು, ಆಕಾಶ ತೋರಿಸಿದಳು, ಕಾಡು ತೋರಿಸಿ ಎರಡೂ ಕೈಯನ್ನು ಪಂಜದ ಹಾಗೆ ಮಾಡಿ ಗುರ್ರೆಂದಳು. ತೋಳಿನ ಬಟ್ಟೆ ಸರಿಸಿದಳು. ಮೊಣಕೈಯಿಂದ ಭುಜದ ತನಕ ಉತ್ತ ಗದ್ದೆಯ ಹಾಗೆ ಹಳೆಯ ಗಾಯದ ಗೆರೆಗಳು.

"ಎಂತ ಹೇಳ್ತಾಳೆ?"

"ಕರಡಿಯಂತೆ" ಎಂದೆ. "ಬೆಳಕು ಹರಿಯುವ ಮೊದಲೇ ಕೊಯ್ಯಲಿಕ್ಕೆ ಹೋಗ್ಬೇಕಂತೆ. ಹುಳ ಕಚ್ಚಿದ ಎಲೆ ಅಂತ ಬಿಟ್ಟು ಬಂದ್ರೆ ಆ ದಿನದ ಕೂಲಿ ಹುಟ್ಟುವುದಿಲ್ಲವಂತೆ."

ಚಿಕ್ಕಮ್ಮ ಆ ಗೆರೆಗಳನ್ನು ನೋಡಿದಳು. ಬೈಗುಳಕ್ಕಾಗಿ ತೆರೆದಿದ್ದ ಬಾಯಿ ಮುಚ್ಚಿತು. ಕೈಯಲ್ಲಿದ್ದ ತೂತಿನ ಎಲೆಯನ್ನು ಈಗ ಹರಿಯುತ್ತಾಳೆ ಎಂದುಕೊಂಡೆ. ಅವಳು ಅದನ್ನು ಕಟ್ಟಿನ ನಡುವೆ ತಾನೇ ತೂರಿಸಿ, ಮೇಲೆ ಒಂದು ಒಳ್ಳೆಯ ಎಲೆ ಮುಚ್ಚಿ, ಅಂಗೈಯಿಂದ ಒತ್ತಿದಳು.

ಆಮೇಲೆ ಚೀಲದಿಂದ ಕತ್ತರಿ, ನೂಲು, ಊರಿನಿಂದ ತಂದಿದ್ದ ನಾಲ್ಕು ಒಣ ಎಲೆ ಹೊರಬಂದವು. ಕತ್ತರಿಸಿ, ಸುತ್ತಿ, ಮಡಚಿ, ಬಿಗಿದು ಒಂದು ಬೀಡಿ ಅವಳ ಕೈಗಿಟ್ಟಳು. ಆ ಊರಿನಲ್ಲಿ ಎಲೆ ಕೊಯ್ಯುವವರೇ ಹೊರತು ಬೀಡಿ ಕಟ್ಟುವವರಿಲ್ಲ. ಹೆಂಗಸರೆಲ್ಲ ಸುತ್ತ ನೆರೆದರು. ಒಬ್ಬಳು ತುಳುವಿನಲ್ಲಿ, ಇನ್ನೊಬ್ಬಳು ಅವಳ ಭಾಷೆಯಲ್ಲಿ ಹೊತ್ತು ಏರುವ ತನಕ ಹರಟಿದರು. ನನ್ನ ಹಿಂದಿ ಯಾರಿಗೂ ಬೇಕಾಗಲಿಲ್ಲ. ನಾನು ಪೊದೆಯ ನೆರಳಿನಲ್ಲಿ ಕುಳಿತುಕೊಳ್ಳಲು ನೋಡಿದೆ. ಪೊದೆಗೆ ನೆರಳೂ ಇರಲಿಲ್ಲ.

ಕತ್ತರಿ ಇಲ್ಲ ಎಂದು ನನಗೆ ಗೊತ್ತಾದದ್ದು ಹಿಂದಿರುಗುವ ರೈಲಿನಲ್ಲಿ. ಮರೆತು ಬಂದೆವೆಂದು ನಾನು ಹೌಹಾರಿದರೆ, "ಮರೆತದ್ದಲ್ಲ, ಕೊಟ್ಟದ್ದು" ಎಂದಳು.

"ಅವಳು ಕೇಳಿದಳಾ?"

"ಹಿಡಿದು ನೋಡಿ ನಕ್ಕಳು. ಅದಕ್ಕೂ ನಿನ್ನ ಹಿಂದಿ ಬೇಕಾ?"

ಬೀಡಿಯ ಕತ್ತರಿ ಅಂದರೆ ಅಂಗಡಿಯಲ್ಲಿ ಸಿಗುವ ಕತ್ತರಿಯಲ್ಲ. ಹಿಡಿಗೆ ಬಟ್ಟೆ ಸುತ್ತಿ, ವರ್ಷಗಟ್ಟಲೆ ಹೆಬ್ಬೆರಳು ತಿಕ್ಕಿ ತಿಕ್ಕಿ ಆ ಬೆರಳಿಗೇ ಹುಟ್ಟಿದ ಹಾಗೆ ಆದದ್ದು. ಮೂಡುಬಿದಿರೆಯಲ್ಲಿ ನಾಲ್ಕು ಅಂಗಡಿ ಸುತ್ತಿ ಹೊಸದೊಂದನ್ನು ಕೊಂಡು ಸಿದ್ಧಕಟ್ಟೆಗೆ ಒಯ್ದು ಕೊಟ್ಟೆ. ಹೋಗಿ ಬಂದ ದಿನಗಳ ಬೀಡಿ ಬಾಕಿ ಇತ್ತು, ಕಂತಿನ ದಿನ ಎದುರಿಗೆ ನಿಂತಿತ್ತು. ಚಿಕ್ಕಮ್ಮ ಉಸಿರು ಬಿಡದೆ ಕತ್ತರಿಸಿದಳು. ಮರುದಿನ ಐಸಮ್ಮನ ಫೋನು: "ಹೊಸ ಕತ್ತರಿ ತಿಕ್ಕಿ ಹೆಬ್ಬೆರಳಲ್ಲಿ ಗುಳ್ಳೆ ಎದ್ದಿದೆ, ನಿನ್ನ ಚಿಕ್ಕಮ್ಮನಿಗೆ ಕತ್ತರಿ ಹಿಡೀಲಿಕ್ಕೆ ಆಗುವುದಿಲ್ಲ. ನೀನು ಹೆದರ್ತೀಯ ಅಂತ ಹೇಳ್ಬೇಡ ಅಂದಿದ್ದಾಳೆ."

ಹೆದರಿದೆ. ಹೆದರಿಕೊಂಡೇ ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿದೆ. ಹೋಗಿ ಜಗಲಿಯಲ್ಲಿ ಕುಳಿತು ಕತ್ತರಿ ಎತ್ತಿಕೊಂಡೆ. ಚಿಕ್ಕಮ್ಮ ಎಲೆಯ ಕಟ್ಟನ್ನು ನನ್ನ ಕಡೆಗೆ ಸರಿಸಿದಳು. ನಾನು ಕತ್ತರಿಸಿದೆ, ಅವಳು ಸುತ್ತಿದಳು. ನನ್ನ ಮೊದಲ ಎಲೆಯನ್ನು ಐಸಮ್ಮ ಎತ್ತಿ ಹಿಡಿದು, "ಇದೆಂತ, ಬೀಡಿಗಾ ಪತ್ರೊಡೆಗಾ?" ಎಂದಳು, ಕೆಸುವಿನೆಲೆಯ ತಿಂಡಿಗಾ ಎಂದು. ಹೊತ್ತೇರಿದಂತೆ ಎಲೆಗಳು ಸ್ವಲ್ಪ ಎಲೆಯ ಹಾಗೆ ಬರತೊಡಗಿದವು.

ಒಂದು ಕಟ್ಟು ಬಿಚ್ಚಿದೆ. ಮೇಲಿನದು ಚಂದದ್ದು. ನಡುವಿನದು ತೂತು.

"ಎಸೆಯಲಾ?"

"ಎಸೆಯಬೇಡ" ಎಂದಳು, ತಲೆ ಎತ್ತದೆ. "ಕರಡಿಯ ಬಾಯಿಂದ ತಂದದ್ದು. ಬದಿಯಿಂದ ಕತ್ತರಿಸಿ ನೋಡು, ಒಂದು ಬರ್ತದೆ."

ಬದಿಯಿಂದ ಕತ್ತರಿಸಿದೆ. ಒಂದು ಬಂತು.

ಕಂತು ತಪ್ಪಲಿಲ್ಲ. ನೋಟಿಸು ಅಂಟಲಿಲ್ಲ. ಎದುರುಮನೆಯವರ ಕನ್ನಡಕ ಪೆಟ್ಟಿಗೆಯಲ್ಲೇ ಉಳಿಯಿತು. ಅಷ್ಟೆಲ್ಲ ಚಿಂತಿಸಿದ್ದಕ್ಕೆ ನಿಜವಾಗಿ ಕೆಟ್ಟದ್ದು ಇಷ್ಟೇ: ಚಿಕ್ಕಮ್ಮನ ಹೆಬ್ಬೆರಳ ಮೇಲೆ ಒಂದು ಗುಳ್ಳೆ. ಅದೂ ಈಗ ಒಣಗಿದೆ. ಆ ಭಾನುವಾರ ಸಂಜೆ ನಾನು ಬಸ್ಸಿಗೆ ಏಳುವಾಗ ಅವಳು ನನ್ನ ಕೈ ಹಿಡಿದು ಬೆರಳು ಬಿಡಿಸಿದಳು, ಟಿಕೆಟನ್ನು ಸುತ್ತುವ ಅದೇ ಬೆರಳುಗಳಿಂದ. ನನ್ನ ಹೆಬ್ಬೆರಳಲ್ಲೂ ಒಂದು ಎದ್ದಿತ್ತು. ಒಳಗಿನಿಂದ ತೆಂಗಿನೆಣ್ಣೆ ತಂದು ಹಚ್ಚುತ್ತ, "ನೋಯ್ತದಾ ಮಗಾ?" ಎಂದಳು. ಇಲ್ಲ ಎಂದೆ.

ಸಾಲಗಾರರಿಗೆ ಗುಳ್ಳೆ ಬಂದರೆ? ಆ ಫಾರಮ್ಮಿನ ಹಿಂದೆ ಸಣ್ಣಕ್ಷರದಲ್ಲಿ ಇದು ಇರಲಿಲ್ಲ. ಇದ್ದರೂ ಉತ್ತರ ನನಗೆ ಗೊತ್ತು. ಜಾಮೀನುದಾರರು.